ಎಡಗೈ ಗಂಟು

ವೈರ್ ಬುಟ್ಟಿ ಹೆಣೆಯುವುದೂ ಒಂದು ವಿದ್ಯೆಯೇ ಎಂದು ಮೂಗು ಮುರಿಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅಂಥವರು ಇಲ್ಲಿಗೇ ನಿಲ್ಲಿಸಿ ತಮ್ಮ ಕೆಲಸ ನೋಡಿಕೊಳ್ಳಬಹುದು, ನನಗೇನೂ ಬೇಜಾರಿಲ್ಲ. ಎಂಬತ್ತೆರಡು, ಎಂಬತ್ಮೂರನೇ ಇಸವಿಯಲ್ಲಿ ಹರಿಹರದಿಂದ ದಾವಣಗೆರೆಗೆ ಬಸ್ಸು ಹತ್ತಿದ ಹೆಂಗಸರಲ್ಲಿ ಹತ್ತಕ್ಕೆ ಎಂಟು ಜನರ ಕೈಯಲ್ಲಿ ಪ್ಲಾಸ್ಟಿಕ್ ವೈರಿನ ಬುಟ್ಟಿ ಇರುತ್ತಿತ್ತು. ಸಂತೆಯ ಬದನೆಕಾಯಿ, ಮಗುವಿನ ಅಂಗಿ, ಆಸ್ಪತ್ರೆಗೆ ಒಯ್ಯುವ ಗಂಜಿ, ಎಲ್ಲಕ್ಕೂ ಅದೇ. ಎದುರು ಕೂತವಳ ಬುಟ್ಟಿಯಲ್ಲಿ ಹೊಸ ನಮೂನೆಯ ಹೂವು ಕಂಡರೆ, ಇಳಿಯುವುದರೊಳಗೆ ಅದರ ಗಂಟುಗಳನ್ನೆಲ್ಲ ಎಣಿಸಿ ಮುಗಿಸುವ ಹೆಂಗಸರಿದ್ದರು. ಹರಿಹರದ ಗಾದಿ ಹಿದಾಯತನ ಹೆಂಡತಿ ಶಮೀಮ್ ಅಂಥವರಲ್ಲಿ ಮೊದಲನೆಯವಳು.

ಹಿದಾಯತನದು ಹತ್ತಿ ಹಿಂಜಿ ಗಾದಿ ಹೊಲಿಯುವ ಕೆಲಸ. ಮನೆಯ ಮುಂದಿನ ಭಾಗ ಅಂಗಡಿ, ಹಿಂದಿನದು ಸಂಸಾರ. ಶಮೀಮ್ ಓದಿದ್ದು ಏಳನೇ ಕ್ಲಾಸು, ಅದೂ ಕನ್ನಡ ಶಾಲೆಯಲ್ಲಿ. ಟೀಚರ್ ಬಾರದ ದಿನ ಒಂದನೇ ಕ್ಲಾಸಿನ ಮಕ್ಕಳನ್ನು ಇವಳ ಸುಪರ್ದಿಗೆ ಕೊಡುತ್ತಿದ್ದರು. ಆ ಚಿಳ್ಳೆಪಿಳ್ಳೆಗಳು ಬೆರಳೆತ್ತಿ "ಟೀಚರ್, ಒಂದಕ್ಕೆ" ಎಂದು ಇವಳನ್ನೇ ಕೇಳುತ್ತಿದ್ದವು. ನಗಬೇಡಿ, ಅವಳಿಗೆ ಅದು ಹದಿನೈದು ವರ್ಷವಾದರೂ ಕಿವಿಯಲ್ಲಿತ್ತು. ಮುಂದೆ ಮನೆಯಲ್ಲಿ ಓದಿಸಲಿಲ್ಲ. ಟೀಚರ್ ಆಗುವ ಆಸೆಯನ್ನು ಅವಳು ಯಾರ ಹತ್ತಿರವೂ ಹೇಳಲಿಲ್ಲ.

ಈಗ ಸುತ್ತೋ ಚೀಲದ ವಿಷಯ. ಹರಿಹರದ ಹತ್ತಿರದ ಸಾರಥಿ ಎಂಬ ಊರಿನ ಮರುಳಸಿದ್ದಮ್ಮ ಎಂಬ ಹಿರಿಯ ಹೆಂಗಸು ಶುರು ಮಾಡಿದ್ದು ಇದು. ಐದು ಮನೆ, ಐದು ಜನ ಹೆಣೆಯುವವರು, ಒಂದು ಖಾಕಿ ಚೀಲ. ಹೊಸ ನಮೂನೆ ಕಂಡುಕೊಂಡವರು ಅಂಗೈಯಗಲದ ಒಂದು ತುಂಡು ಹೆಣೆದು ಚೀಲಕ್ಕೆ ಹಾಕಬೇಕು. ಚೀಲ ಬಂದ ಮನೆಯವರು ಆ ತುಂಡನ್ನು ಬಿಚ್ಚಿ ನೋಡಿ, ಕಲಿತು, ಮೊದಲಿದ್ದ ಹಾಗೇ ಕಟ್ಟಿ ಮುಂದಿನ ಮನೆಗೆ ಕಳಿಸಬೇಕು. ಜೊತೆಗೊಂದು ನೋಟುಪುಸ್ತಕ. ಅದರಲ್ಲಿ ತುಂಡಿನ ತಪ್ಪೇನು ಎಂದು ಬರೆಯಬೇಕು. ಬರೀ "ಚೆನ್ನಾಗಿದೆ" ಎಂದು ಬರೆದರೆ ಮರುಳಸಿದ್ದಮ್ಮ ಅದರ ಮೇಲೆ ಕೆಂಪು ಗೆರೆ ಎಳೆದು, "ಇದನ್ನು ಹೇಳೋಕೆ ಚೀಲ ಯಾಕೆ ಬೇಕು, ಇನ್‌ಲ್ಯಾಂಡ್ ಲೆಟರ್ ಸಾಕು" ಎಂದು ಬರೆಯುತ್ತಿದ್ದಳು. ವರ್ಷಕ್ಕೊಮ್ಮೆ ದಾವಣಗೆರೆಯ ಮಹಿಳಾ ಮಂಡಳಿಯ ಪ್ರದರ್ಶನದಲ್ಲಿ ಇದೇ ಐದು ಜನ ಒಬ್ಬರ ಮೇಲೊಬ್ಬರು ಬಿದ್ದು ಸ್ಪರ್ಧೆ ಮಾಡುತ್ತಿದ್ದರು. ಹನ್ನೊಂದು ತಿಂಗಳು ಒಬ್ಬರಿಗೊಬ್ಬರು ಹೇಳಿಕೊಡುವುದು, ಹನ್ನೆರಡನೇ ತಿಂಗಳು ಒಬ್ಬರನ್ನೊಬ್ಬರು ಸೋಲಿಸುವುದು.

ಎರಡು ವರ್ಷದಿಂದ ಮೊದಲ ಬಹುಮಾನ ದಾವಣಗೆರೆಯ ಉಮಾಮಹೇಶ್ವರಿಗೆ, ಎರಡನೆಯದು ಶಮೀಮಳಿಗೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಶಮೀಮಳ ಬುಟ್ಟಿ ಪ್ರದರ್ಶನಕ್ಕೆ ಹೋಗುತ್ತಿದ್ದುದು ಬಸ್ ಕಂಡಕ್ಟರ್ ಬೋರಣ್ಣನ ಕೈಯಲ್ಲಿ, ಬಹುಮಾನದ ಸ್ಟೀಲ್ ಡಬ್ಬಿ ಬರುತ್ತಿದ್ದುದೂ ಅವನ ಕೈಯಲ್ಲೇ. ಆದರೆ ಉಮಾಮಹೇಶ್ವರಿಯ ಅಕ್ಷರ ಶಮೀಮಳಿಗೆ ಚೆನ್ನಾಗಿ ಗೊತ್ತು. "ನಿಮ್ಮ ಗಂಟು ಕಲ್ಲಿನ ಹಾಗೆ ಗಟ್ಟಿ. ಬಣ್ಣಗಳು ಮಾತ್ರ ಜಗಳಕ್ಕೆ ನಿಂತಿವೆ" ಎಂದು ಆಕೆ ಬರೆದದ್ದನ್ನು ಓದಿ ಶಮೀಮ್ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೇ ದಿನ ಕೆಂಪಿನ ಪಕ್ಕದ ಹಸಿರನ್ನು ತೆಗೆದು ಬಿಳಿ ಹಾಕಿದಳು. ಬುಟ್ಟಿಗೆ ಕಳೆ ಬಂತು. ಅದಕ್ಕೂ ಸಿಟ್ಟು ಬಂತು. ಇವಳೂ ಬಿಡದೆ, "ನಿಮ್ಮ ಗಿಳಿ ಚೆಂದ, ಆದರೆ ತಳ ಸಡಿಲ, ಎರಡು ಕಿಲೋ ಅಕ್ಕಿ ಹಾಕಿದರೆ ಗಿಳಿಗೆ ಹೊಟ್ಟೆ ಬರುತ್ತದೆ" ಎಂದು ಬರೆದಳು. ಮುಂದಿನ ಸುತ್ತಿಗೆ ಉಮಾಮಹೇಶ್ವರಿಯ ತುಂಡಿನ ತಳ ಬಿಗಿಯಾಗಿತ್ತು.

ಒಂದು ವಿಷಯ ಮಾತ್ರ ಶಮೀಮಳಿಗೆ ಬಗೆಹರಿದಿರಲಿಲ್ಲ. ಉಮಾಮಹೇಶ್ವರಿಯ ತುಂಡನ್ನು ಬಿಚ್ಚಿ, ವೈರ್ ಎಣಿಸಿ, ಬಣ್ಣ ತಪ್ಪದೆ ಮತ್ತೆ ಕಟ್ಟಿದರೂ ಅದು ಮೊದಲಿನ ಹಾಗೆ ಆಗುತ್ತಿರಲಿಲ್ಲ. ಗಿಳಿ ಇರುತ್ತಿತ್ತು, ಮಿಂಚು ಇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಿದಾಯತ್ ಗೋಡೆಯ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದ. ಎದುರಿನ ಮೊಳೆಗೆ ಉಮಾಮಹೇಶ್ವರಿಯ ಇನ್ನೂ ಬಿಚ್ಚಿರದ ತುಂಡು ನೇತುಬಿದ್ದಿತ್ತು. ಶಮೀಮ್ ಚಹಾ ಕೊಡಲು ಬಂದವಳು ಕನ್ನಡಿಯೊಳಗಿನ ತುಂಡು ನೋಡಿ ನಿಂತುಬಿಟ್ಟಳು. ಅದರ ಗಂಟುಗಳೆಲ್ಲ ತನ್ನ ಗಂಟುಗಳ ಹಾಗೇ ಬಲಕ್ಕೆ ವಾಲಿದ್ದವು. ತಿರುಗಿ ಮೊಳೆಯ ಕಡೆ ನೋಡಿದಳು. ಎಡಕ್ಕೆ ವಾಲಿದ್ದವು.

"ಏನಾತು?" ಎಂದ ಹಿದಾಯತ್, ಮುಖದ ತುಂಬ ಸೋಪು.

"ಉಮಕ್ಕ ಎಡಚಿ ಅದಾರೆ ರೀ."

"ಅಷ್ಟಕ್ಕೆ ನನ್ನ ಚಹಾ ಆರಿಸಬ್ಯಾಡ" ಎಂದ ಅವನು.

ಅವತ್ತಿನಿಂದ ಶಮೀಮ್ ಎಡಗೈಯಲ್ಲಿ ಗಂಟು ಹಾಕಲು ಕೂತಳು. ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಅತ್ತೆ ಸುಗ್ರಾಬಿ ಎದುರು ಕೂತು ಅಡಿಕೆ ಕತ್ತರಿಸುತ್ತ, "ಇಪ್ಪತ್ತೆಂಟು ವರ್ಷಕ್ಕೆ ಮತ್ತೆ ಕೂಸಾದೆಯಲ್ಲ ಬೇಟಿ" ಎಂದು ರೇಗಿಸುತ್ತಿದ್ದಳು. ಒಂದು ತಿಂಗಳಿಗೆ ಕೈ ಪಳಗಿತು. ಆಮೇಲೆ ಒಂದು ಮಧ್ಯಾಹ್ನ ಸುಮ್ಮನೆ, ಏನಾಗುತ್ತದೋ ನೋಡೋಣ ಎಂದು, ಒಂದು ಸಾಲು ಬಲಗೈಯಲ್ಲಿ, ಇನ್ನೊಂದು ಸಾಲು ಎಡಗೈಯಲ್ಲಿ ಹೆಣೆದಳು. ಎರಡೂ ಒಂದೇ ಕಡುಹಸಿರು. ಬಾಗಿಲ ಬೆಳಕಿಗೆ ಹಿಡಿದಾಗ ಒಂದು ಸಾಲು ಹೊಳೆಯಿತು, ಮತ್ತೊಂದು ಕಪ್ಪಾಯಿತು. ಬೇರೆ ಬಣ್ಣದ ಒಂದೇ ಒಂದು ವೈರ್ ಇಲ್ಲದೆ ತುಂಡಿನ ಮೇಲೆ ಜೋಳದ ತೆನೆ ಎದ್ದು ನಿಂತಿತ್ತು. ಇಂಥದ್ದನ್ನು ಹರಿಹರದಲ್ಲಿ ಯಾರೂ ಮಾಡಿರಲಿಲ್ಲ, ದಾವಣಗೆರೆಯಲ್ಲೂ ಮಾಡಿರಲಿಲ್ಲ. ಅವಳಿಗೆ ಮೈಯೆಲ್ಲ ಜುಮ್ಮೆಂದಿತು.

ಅದೇ ವಾರ ಮಹಿಳಾ ಮಂಡಳಿಯಿಂದ ಕಾಗದ ಬಂತು. ಮಂಡಳಿಯವರು ಹೊಸದಾಗಿ ಕೈಕೆಲಸದ ತರಗತಿ ತೆರೆಯುತ್ತಾರಂತೆ. ಈ ಸಲದ ಪ್ರದರ್ಶನದಲ್ಲಿ ವೈರ್ ಕೆಲಸಕ್ಕೆ ಯಾರಿಗೆ ಮೊದಲ ಬಹುಮಾನವೋ ಅವರೇ ಆ ತರಗತಿಯ ಟೀಚರ್. ಶಮೀಮ್ ಕಾಗದವನ್ನು ನಾಲ್ಕು ಸಲ ಓದಿದಳು. ಐದನೇ ಸಲ ಗಂಡನ ಕೈಗೆ ಕೊಟ್ಟಳು.

"ವಾರಕ್ಕೆ ಎರಡು ದಿವ್ಸ ದಾವಣಗೆರೆ" ಎಂದ ಹಿದಾಯತ್, ತಲೆ ಕೆರೆದುಕೊಂಡು. "ಹೋಗು. ಅಮ್ಮೀ ಅದಾರೆ ಮನ್ಯಾಗೆ. ಮೊದ್ಲು ಗೆಲ್ಲು, ಆಮ್ಯಾಗೆ ಬಸ್ಸಿನ ಮಾತು."

ಈಗ ನೋಡಿ ಪೇಚಾಟ. ಚೀಲ ಅವಳ ಮನೆಗೆ ಬಂದು ಕೂತಿತ್ತು. ಹೊಸದು ಕಂಡುಕೊಂಡವರು ಹಾಕಬೇಕು. ಹಾಕಿದರೆ ನಾಲ್ಕು ದಿನದಲ್ಲಿ ಅದು ಉಮಾಮಹೇಶ್ವರಿಯ ಮನೆಯಲ್ಲಿ. ಬಣ್ಣದಲ್ಲಿ ಆಕೆ ಇವಳಿಗಿಂತ ಮುಂದೆ, ಕೈಯಂತೂ ಹುಟ್ಟಾ ಎಡಗೈ. ಆಕೆಗೆ ತೆನೆ ತೋರಿಸುವುದೆಂದರೆ ಬಹುಮಾನವನ್ನು ತಾನೇ ಕಟ್ಟಿ ಬಸ್ಸಿಗೆ ಹಾಕಿ ಕಳಿಸಿದ ಹಾಗೆ. ಶಮೀಮ್ ಹಳೆಯ ಒಂದು ಅಂಚಿನ ತುಂಡು ಹುಡುಕಿ ಚೀಲಕ್ಕೆ ಹಾಕಿದಳು. "ಈ ಸಲ ಹೊಸದೇನೂ ಇಲ್ಲ" ಎಂದು ಚೀಟಿ ಬರೆದಳು. ಸುಳ್ಳು ಬರೆಯುವಾಗ ಅಕ್ಷರ ಯಾವತ್ತಿಗಿಂತ ದುಂಡಗೆ ಬಂತು.

ಪ್ರದರ್ಶನಕ್ಕೆ ಹದಿನಾಲ್ಕು ದಿನ ಇದ್ದಾಗ ಚೀಲ ಮತ್ತೆ ಸುತ್ತಿ ಬಂತು. ಅದರಲ್ಲಿ ಉಮಾಮಹೇಶ್ವರಿಯ ತುಂಡು, ಜೊತೆಗೊಂದು ಚೀಟಿ.

"ಶಮೀಮ್ ಅವರಿಗೆ ನಮಸ್ಕಾರ. ನಾನು ಎಡಗೈಯವಳು. ನಿಮಗೆ ಹೇಳಿರಲಿಲ್ಲ. ಎಡಗೈ ಗಂಟು ಉಲ್ಟಾ, ಇಂಥವರು ಮಕ್ಕಳಿಗೆ ಏನು ಕಲಿಸುತ್ತಾರೆ ಎಂದು ಮಂಡಳಿಯಲ್ಲಿ ಮಾತಾಯಿತಂತೆ. ನನಗೆ ಆ ತರಗತಿ ಬೇಕು. ಮನೆಯಲ್ಲಿ ಕೂತು ಕೂತು ಸಾಕಾಗಿದೆ. ಎಡಗೈ ಬಿಟ್ಟುಬಿಟ್ಟೆ. ನಿಮ್ಮ ತುಂಡುಗಳನ್ನೇ ಮುಂದಿಟ್ಟುಕೊಂಡು ಬಲಗೈಯಲ್ಲಿ ಕಲಿಯುತ್ತಿದ್ದೇನೆ. ಪ್ರದರ್ಶನಕ್ಕೂ ಹೀಗೇ ಮಾಡುವುದು. ತಪ್ಪಿದ್ದರೆ ಬರೆಯಿರಿ, ಮುಲಾಜು ಬೇಡ."

ಶಮೀಮಳಿಗೆ ಮೊದಲು ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಲಿ, ಒಳ್ಳೇ ಹಬ್ಬದಡುಗೆ ಉಂಡಂಥ ಸಂತೋಷ. ಗೆದ್ದೆ ಎಂದುಕೊಂಡಳು. ಅವಳ ಹಸಿರು ಬುಟ್ಟಿ ಅಷ್ಟೊತ್ತಿಗೆ ಮುಗಿದು ಗೂಟಕ್ಕೆ ನೇತುಬಿದ್ದಿತ್ತು. ಆಮೇಲೆ ಉಮಾಮಹೇಶ್ವರಿಯ ತುಂಡನ್ನು ಕೈಗೆತ್ತಿಕೊಂಡಳು. ಗಂಟುಗಳೆಲ್ಲ ಒಂದೇ ಸಮ, ಬಿಗಿಯಾಗಿ, ಬಲಕ್ಕೆ ವಾಲಿ ಕೂತಿದ್ದವು. ಬೆರಳಿಟ್ಟು ತೋರಿಸುವಂಥ ತಪ್ಪೇ ಇರಲಿಲ್ಲ.

ಸುಗ್ರಾಬಿ ಹಾದು ಹೋಗುವಾಗ ತುಂಡನ್ನು ಇಸಿದುಕೊಂಡು ಕಣ್ಣ ಹತ್ತಿರ ಹಿಡಿದಳು. "ಇದು ನಿಂದಾ? ಜ್ವರ ಬಂದಾಗ ಮಾಡಿದ್ದೇನು?"

"ನಂದಲ್ಲ ಅಮ್ಮೀ. ಉಮಕ್ಕಂದು."

"ಗಿಳಿ ಮಾಡೋ ಉಮಕ್ಕಂದಾ? ಏನಾತು ಪಾಪ ಆಕಿಗೆ?"

ಶಮೀಮ್ ನೋಟುಪುಸ್ತಕ ತೆಗೆದು "ತಪ್ಪೇನೂ ಇಲ್ಲ" ಎಂದು ಬರೆದಳು. ಅದು ನಿಜವೇ ಆಗಿತ್ತು. ಬರೆದು ಪುಸ್ತಕ ಮುಚ್ಚಿದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಅದನ್ನು ಇಳಿಸುವುದು ಮರೆತಳು. ಎರಡು ದಿನ ಅವಳ ಮನಸ್ಸು ಮನೆಯಲ್ಲಿರಲಿಲ್ಲ. ತಾನು ಎಡಗೈಯಲ್ಲಿ ಬುಟ್ಟಿಯ ಸಾಲು ಹೆಣೆಯುತ್ತ ಕೂತಿದ್ದ ಹೊತ್ತಿನಲ್ಲೇ ಆಕೆ ಹತ್ತು ಮೈಲಿಯೂ ಇಲ್ಲದ ದೂರದಲ್ಲಿ ಎಡಗೈಯನ್ನು ಬಿಡಲು ಒದ್ದಾಡುತ್ತಿದ್ದಳು. ತೆನೆ ಹುಟ್ಟಿದ್ದೇ ಆ ಎಡಗೈಯಿಂದ. ಅದನ್ನು ಉಮಾಮಹೇಶ್ವರಿಗೆ ಹೇಳಬಲ್ಲವಳು ಇಡೀ ಭೂಮಿಯ ಮೇಲೆ ತಾನೊಬ್ಬಳೇ, ಅಂಥವಳು ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ಹೇಳಿದರೆ ಟೀಚರ್ ಕೆಲಸ ಹೋಗುತ್ತದೆ. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಮೂರನೇ ದಿನ ಬರೆದದ್ದನ್ನು ಹೊಡೆದುಹಾಕಿ, ಹಸಿರು ಬುಟ್ಟಿಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಬಸ್ ಹತ್ತಿದಳು.

"ಏನ್ ಶಮೀಮಕ್ಕ, ಈ ಸಲ ನೀವೇ ಹೊಂಟೀರಿ? ಬುಟ್ಟಿ ನಾನು ಒಯ್ದರೆ ಸವದು ಹೋಗ್ತೈತಾ?" ಎಂದ ಬೋರಣ್ಣ.

"ಮಾತಾಡೋದೈತೆ ಬೋರಣ್ಣ. ಚೀಟಿಲಿ ಬರೆಯೋ ಮಾತಲ್ಲ."

ದೇವರಾಜ ಅರಸು ಬಡಾವಣೆಯಲ್ಲಿ ಆಗಿನ್ನೂ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು. ಉಮಾಮಹೇಶ್ವರಿಯ ಮನೆ ಯಾವುದೆಂದು ಕೇಳಬೇಕಾಗಲಿಲ್ಲ. ಒಂದು ಗೇಟಿಗೆ ಹಾಲಿನ ಬಾಟಲಿ ಇಡುವ ಪುಟ್ಟ ಬುಟ್ಟಿ ತೂಗುಬಿದ್ದಿತ್ತು. ಅದರ ಗಂಟುಗಳು ಎಡಕ್ಕೆ ವಾಲಿದ್ದವು. ಶಮೀಮ್ ಗೇಟು ತೆಗೆದಳು.

ಆಕೆ ಎತ್ತರದವಳು, ಕನ್ನಡಕದವಳು, ಸ್ವಲ್ಪ ಜಂಬದವಳು ಎಂದೆಲ್ಲ ಇವಳು ಅಂದುಕೊಂಡಿದ್ದಳು. ಬಂದು ನಿಂತದ್ದು ಕುಳ್ಳಗಿನ, ಗುಂಡಗಿನ, ಮೊಣಕೈವರೆಗೆ ರೊಟ್ಟಿ ಹಿಟ್ಟು ಮೆತ್ತಿದ ಹೆಂಗಸು.

"ಹರಿಹರದಿಂದ ಬಂದೀನಿ. ಶಮೀಮ್."

ಉಮಾಮಹೇಶ್ವರಿ ಮುಖವನ್ನೇ ನೋಡಿದಳು. "ನೀವು ಇಷ್ಟು ಸಣ್ಣೋರಾ? ಬೈಯೋದು ನೋಡಿ ಐವತ್ತು ದಾಟಿರಬೇಕು ಅಂತ ಮಾಡಿದ್ದೆ. ಬರ್ರಿ, ಕೂಡ್ರಿ. ಮಂಡಕ್ಕಿ ಒಗ್ಗರಣೆ ಹಾಕ್ತೀನಿ."

"ಮೊದ್ಲು ಇದನ್ನ ನೋಡ್ರಿ" ಎಂದು ಶಮೀಮ್ ಸೀರೆ ಬಿಚ್ಚಿ ಬುಟ್ಟಿಯನ್ನು ಕಿಟಕಿಯ ಬೆಳಕಿಗೆ ಇಟ್ಟಳು.

ಉಮಾಮಹೇಶ್ವರಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿದಳು. ಬುಟ್ಟಿಯನ್ನು ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು. ತೆನೆ ಎದ್ದಿತು, ಅಡಗಿತು, ಮತ್ತೆ ಎದ್ದಿತು. ಉಗುರಿನಿಂದ ಒಂದು ಗಂಟನ್ನು ಮುಟ್ಟಿದಳು, ಅದರ ಪಕ್ಕದ್ದನ್ನು ಮುಟ್ಟಿದಳು. ಎಡಕ್ಕೆ ವಾಲಿದ ಸಾಲಿನ ಮೇಲೆ ಬೆರಳು ನಿಂತಿತು.

"ಇದು ನನ್ನ ಕೈ" ಎಂದಳು ಕೊನೆಗೆ.

"ಹೌದು. ಒಂದು ಸಾಲು ನಂದು, ಒಂದು ಸಾಲು ನಿಮ್ದು. ಹೋದ ಸುತ್ತಿಗೇ ಕಂಡಿತ್ತು ಉಮಕ್ಕ. ಚೀಲಕ್ಕೆ ಹಾಕಲಿಲ್ಲ. ಮುಚ್ಚಿಟ್ಟೆ. ನಂಗೂ ಆ ತರಗತಿ ಬೇಕಿತ್ತು."

ಉಮಾಮಹೇಶ್ವರಿಯ ಮುಖ ಬಿಗಿಯಿತು. "ಹೊಸದೇನೂ ಇಲ್ಲ ಅಂತ ಬರದಿದ್ರಿ."

"ಬರದಿದ್ದೆ."

"ಮತ್ಯಾಕ ಈಗ ಬಂದ್ರಿ?"

"ನಿಮ್ಮ ಬಲಗೈ ತುಂಡು ನೋಡಿ ಮನ್ಯಾಗೆ ಕೂಡಾಕ ಆಗಲಿಲ್ಲ."

"ಅಷ್ಟು ಕೆಟ್ಟಿತ್ತಾ?"

"ಕೆಟ್ಟಿರಲಿಲ್ಲ. ಥೇಟು ನಂದೇ ಇದ್ದಂಗಿತ್ತು. ನಂದು ನನ್ನ ಹತ್ರ ಐತಲ್ರಿ, ಇನ್ನೊಂದು ತಗೊಂಡು ಏನ್ ಮಾಡ್ಲಿ? ಎಡಗೈ ಬಿಡಬ್ಯಾಡ್ರಿ."

ಉಮಾಮಹೇಶ್ವರಿ ಒಳಗೆ ಹೋದಳು. ಪಾತ್ರೆ ಸದ್ದು ಮಾಡಿತು, ಸಾಸಿವೆ ಸಿಡಿಯಿತು. ಶಮೀಮ್ ಎದ್ದು ಹೋಗಲೋ ಕೂರಲೋ ತಿಳಿಯದೆ ಸೀರೆ ಮಡಚುತ್ತ ಕೂತಳು. ಆಕೆ ಎರಡು ತಟ್ಟೆ ಮಂಡಕ್ಕಿ ತಂದು ಒಂದನ್ನು ಇವಳ ಮುಂದೆ ತುಸು ಜೋರಾಗಿಯೇ ಇಟ್ಟಳು. "ಸಿಟ್ಟು ಬಂದೈತೆ ನಂಗೆ. ತಿನ್ರಿ" ಎಂದಳು. ತಿಂದು ಮುಗಿಯುವ ಹೊತ್ತಿಗೆ ಸಿಟ್ಟೂ ಅರ್ಧ ಇಳಿದಿತ್ತು. ಇಬ್ಬರೂ ನೆಲದ ಮೇಲೆ ಕೂತು, ಬಲಗೈ ಸಾಲು ಇವಳು, ಎಡಗೈ ಸಾಲು ಅವಳು, ಒಂದು ತುಂಡನ್ನು ಸಂಜೆಯವರೆಗೆ ಹೆಣೆದರು. ಗಂಡ, ಅತ್ತೆ, ವೈರಿನ ಅಂಗಡಿಯವನ ಠಕ್ಕು, ಎಲ್ಲದರ ಮಾತೂ ಆಯಿತು. ಎರಡು ವರ್ಷ ಗಂಟು ಮಾತ್ರ ನೋಡಿದ್ದವರಿಗೆ ಮಾತಿಗೇನು ಬರ.

ವಾಪಸು ಬರುವ ಬಸ್ಸಿನಲ್ಲಿ ಅವಳ ಎದೆ ಹಗುರವಾಗಿತ್ತು. ಹಗುರವಾದ ಹಾಗೇ ಭಯವೂ ಆಯಿತು. ಇನ್ನು ಹನ್ನೊಂದು ದಿನ ಇದೆ, ಆಕೆಗೆ ಐದು ದಿನ ಸಾಕು. ನಾನೆಂಥ ದಡ್ಡಿ ಎಂದು ತನ್ನನ್ನೇ ಬೈದುಕೊಂಡಳು. ಅರ್ಧ ದಾರಿ ಬೈದುಕೊಂಡು, ಇನ್ನರ್ಧ ದಾರಿ ನಿದ್ದೆ ಮಾಡಿದಳು.

ಪ್ರದರ್ಶನದ ದಿನ ಅವಳು ತಾನೇ ಬುಟ್ಟಿ ಒಯ್ದಳು. ಮಂಡಳಿಯ ಹಾಲಿನಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು. ಶಮೀಮಳ ಹಸಿರು ಬುಟ್ಟಿಯ ಮುಂದೆ ಜನ ನಿಂತು ಕತ್ತು ವಾಲಿಸಿ ನೋಡುತ್ತಿದ್ದರು. ಅವಳು ಉಬ್ಬಿಹೋದಳು. ಆಮೇಲೆ ಮೂರು ಬುಟ್ಟಿ ಆಚೆ ಉಮಾಮಹೇಶ್ವರಿಯದು ಕಂಡಿತು. ಕಡುನೀಲಿ ಮೈ, ಅದರ ಮೇಲೆ ಒಂದು ಜೋಡಿ ಗಿಳಿ. ಗಿಳಿಯ ಮೈಯ ಗಂಟು ಎಡಕ್ಕೆ, ರೆಕ್ಕೆಯ ಗಂಟು ಬಲಕ್ಕೆ. ನೋಡುವವರು ಒಂದು ಹೆಜ್ಜೆ ಸರಿದರೆ ಗಿಳಿ ರೆಕ್ಕೆ ಬಡಿಯುತ್ತಿತ್ತು. ಬಾಯಿಯ ಸುತ್ತ ತೆನೆಯ ಪಟ್ಟಿ. ಶಮೀಮಳ ಬುಟ್ಟಿಯಲ್ಲಿ ಪ್ರತಿ ಮೂಲೆಯಲ್ಲೂ ಮುರಿದಿದ್ದ ಆ ತೆನೆ ಇಲ್ಲಿ ಮೂಲೆ ಸುತ್ತಿ ಎಲ್ಲೂ ನಿಲ್ಲದೆ ಹರಿದಿತ್ತು.

ಮಂಡಳಿಯ ಅಧ್ಯಕ್ಷೆ ಮೈಕಿನಲ್ಲಿ ಹೆಸರು ಓದಿದರು. ಮೊದಲನೆಯದು ಉಮಾಮಹೇಶ್ವರಿ. ಗಂಟು ಉಲ್ಟಾ ಎಂದು ಯಾರೂ ಚಕಾರ ಎತ್ತಲಿಲ್ಲ. ಹೊಸ ತರಗತಿಯ ಟೀಚರೂ ಅವರೇ ಎಂದಾಗ ಚಪ್ಪಾಳೆ ಬಿತ್ತು. ಎರಡನೆಯದು ಹರಿಹರದ ಶಮೀಮ್.

ಅವಳಿಗೆ ಅಳು ಬಂತು. ಸೆರಗಿನಿಂದ ಒರೆಸಿಕೊಂಡರೂ ಮತ್ತೆ ಬಂತು. ಹೀಗೇ ಆಗುತ್ತದೆಂದು ಗೊತ್ತಿದ್ದರೂ ನೋವು ನೋವೇ. ಸ್ಟೀಲ್ ಡಬ್ಬಿ ತೆಗೆದುಕೊಂಡು ವೇದಿಕೆಯಿಂದ ಕೆಳಗಿಳಿದವಳು ಬಾಗಿಲ ಕಡೆ ಹೋಗಬೇಕೆಂದಿದ್ದಳು. ಕಾಲು ಮೇಜಿನ ಕಡೆ ಹೋಯಿತು. ನೀಲಿ ಬುಟ್ಟಿಯ ಮೂಲೆಯ ಹತ್ತಿರ ಬಾಗಿ ನಿಂತಳು. ಎಡದ ಗಂಟು ಎಲ್ಲಿ ಮುಗಿಯಿತು, ಬಲದ್ದು ಎಲ್ಲಿ ಶುರುವಾಯಿತು, ಕಣ್ಣು ಕಿರಿದು ಮಾಡಿ ನೋಡಿದರೂ ಹೊಳೆಯಲಿಲ್ಲ. ಅಳು ಯಾವಾಗ ನಿಂತಿತೋ ಅವಳಿಗೆ ಗೊತ್ತಾಗಲಿಲ್ಲ.

"ಏನ್ ನೋಡ್ತಿದೀರಿ?" ಉಮಾಮಹೇಶ್ವರಿ ಪಕ್ಕಕ್ಕೆ ಬಂದು ನಿಂತಿದ್ದಳು. ಕೊರಳಲ್ಲಿ ಹಾರ ಇತ್ತು.

"ಈ ಮೂಲೆ ಹೆಂಗೆ ತಿರುಗಿಸಿದ್ರಿ?"

"ಬಾಯಲ್ಲಿ ಹೇಳಾಕ ಬರಲ್ಲ ಅದು" ಎಂದಳು ಉಮಾಮಹೇಶ್ವರಿ. ಹಾರ ತೆಗೆದು ಮೇಜಿನ ಮೇಲಿಟ್ಟಳು. ಬುಟ್ಟಿಯ ಹಿಡಿಕೆಯನ್ನು ಪಕ್ಕಕ್ಕೆ ಸರಿಸಿ, ಬಾಯಿಯ ಅಂಚಿನಲ್ಲಿ ಒಳಗೆ ಸಿಕ್ಕಿಸಿದ್ದ ತುದಿಗಳನ್ನು ಒಂದೊಂದಾಗಿ ಎಳೆದಳು. ಒಂದು ಸುತ್ತು ಬಿಚ್ಚಿತು. ಎರಡನೆಯದೂ ಬಿಚ್ಚಿತು. ನೀಲಿ ವೈರುಗಳು ಮೇಲಕ್ಕೆ ಕೆದರಿ ನಿಂತವು. "ಇಲ್ಲಿ ನೋಡ್ರಿ. ಮೂಲೆ ಬಂದಾಗ ವೈರ್ ಬಿಡಂಗಿಲ್ಲ, ಕೈ ಬದಲಿಸಬೇಕು. ಹಿಡೀರಿ. ಎಡಗೈಲಿ."

ಅಧ್ಯಕ್ಷೆ ಫೋಟೋದವನನ್ನು ಕರೆದುಕೊಂಡು ಬರುವ ಹೊತ್ತಿಗೆ ಇಬ್ಬರೂ ನೆಲದ ಮೇಲೆ ಕೂತುಬಿಟ್ಟಿದ್ದರು. ಬಿಚ್ಚಿದ ಬುಟ್ಟಿ ನೋಡಿ ಅಧ್ಯಕ್ಷೆ ಫೋಟೋದವನನ್ನು ಕೈ ಅಡ್ಡ ಹಿಡಿದು ತಡೆದರು.

"ಏನ್ರೀ ಇದು, ಇನ್ನೂ ಫೋಟೋ ಆಗಿಲ್ಲ. ಬಹುಮಾನದ ಬುಟ್ಟೀನ ಯಾರಾದ್ರೂ ಬಿಚ್ತಾರೇನ್ರೀ?"

ಉಮಾಮಹೇಶ್ವರಿ ತಲೆ ಎತ್ತಲಿಲ್ಲ. "ಇವರು ನಂಗೆ ತೋರಿಸಿದ್ದು ಬಹುಮಾನ ಬರೋಕ್ಕಿಂತ ಮುಂಚೆ ರೀ ಮೇಡಂ. ನಾನು ಬಂದ ಮ್ಯಾಲೆ ತೋರಿಸ್ತಿದೀನಿ. ನಂದೇನ್ ದೊಡ್ಡದು."

ಶಮೀಮಳಿಗೆ ಆ ಮಾತು ಕೇಳಿಸಲಿಲ್ಲ. ಮೂಲೆ ತಿರುಗಿತ್ತು, ಅವಳು ಮುಂದಿನ ವೈರ್ ಎತ್ತಿಕೊಂಡಿದ್ದಳು.